ಅಂಬಿಗನ ಹಿಮ್ಮಡಿ

"ಅಜ್ಜಾರೇ, ಆಲಸ್ಯವನ್ನು ಗೆಲ್ಲುವುದು ಹೇಗೆ?" ಎಂದು ಕರಿಬಸವ ಕೇಳಿದ.

ಆ ಮಠದ ಗುರುಗಳನ್ನು ಊರೆಲ್ಲ ಅಜ್ಜಾರು ಎಂದೇ ಕರೆಯುತ್ತಿತ್ತು. ಅವರು ಶಿಷ್ಯನ ಮುಖವನ್ನೇ ನೋಡುತ್ತ ಕುಳಿತರು. ನೋಟ ಎಂದಿನಂತೆ ಮೃದುವಾಗಿರಲಿಲ್ಲ.

ಕರಿಬಸವ ಒಳ್ಳೆಯ ಪ್ರಶ್ನೆಯನ್ನೇ ಕೇಳಿದೆನೆಂದು ತಿಳಿದಿದ್ದ. ಮಠದಲ್ಲಿ ಅವನಷ್ಟು ದುಡಿಯುವವರು ಇನ್ನೊಬ್ಬರಿರಲಿಲ್ಲ. ನೀರು ತರುವವನು ಅವನು, ದಾಸೋಹದ ಒಲೆ ಹೊತ್ತಿಸುವವನು ಅವನು, ಬಂದವರಿಗೆ ಚಾಪೆ ಹಾಸುವವನೂ ಅವನೇ. ಆದರೂ ಒಂದು ಕೆಲಸ ಮಾತ್ರ ಅವನಿಂದ ಆಗದೆ ಉಳಿದಿತ್ತು. ಅವನ ತಂಗಿಯನ್ನು ಕೊಟ್ಟ ಮನೆಯಲ್ಲಿ ಗಂಡ ಅವಳಿಗೆ ಹೊಡೆಯುತ್ತಿದ್ದ. "ಅಣ್ಣ ಬಂದು ನನ್ನನ್ನು ಕರೆದುಕೊಂಡು ಹೋಗಲಿ" ಎಂದು ಅವಳು ಬಳೆಗಾರನ ಕೈಲಿ ಹೇಳಿಕಳಿಸಿದ್ದಳು. ಮತ್ತೊಮ್ಮೆ ಹೇಳಿಕಳಿಸಿದ್ದಳು. ಹೋಗುತ್ತೇನೆ ಎಂದು ಅವನು ಎರಡು ಸಲವೂ ಹೇಳಿದ್ದ. ತಂಗಿಯ ಗಂಡನ ಬಾಯಿ ಕೆಟ್ಟದ್ದು, ಕೈ ಅದಕ್ಕಿಂತ ಕೆಟ್ಟದ್ದು ಎಂಬುದನ್ನು ಮಾತ್ರ ಅವನು ಯಾರಲ್ಲೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

"ತಂಗಿಯ ಊರಿಗೆ ಹೋದೆಯಾ?" ಎಂದು ಅಜ್ಜಾರು ಕೇಳಿದರು.

"ಇಲ್ಲ ಅಜ್ಜಾರೇ. ದಾಸೋಹದ ಜೋಳ ಬರುವ ಹೊತ್ತು. ಅದನ್ನು ನೆಲದಡಿಯ ಹಗೇವಿಗೆ ತುಂಬಿಸಿ, ಒಂದು ದಿನ ಪೂರ್ತಿ ಬಿಡುವಾದರೆ ಹೋಗಿ ಬರುತ್ತೇನೆ. ಅದಕ್ಕೇ ಕೇಳಿದ್ದು, ಈ ಆಲಸ್ಯ ಅನ್ನುವುದು..."

"ಸಾಕು ಸುಮ್ಮನಿರು. ನಿನಗೆ ಆಲಸ್ಯವಿಲ್ಲ. ಆಲಸ್ಯವಿದ್ದವನು ಕಾಲು ಚಾಚಿ ಮಲಗುತ್ತಾನೆ. ಊರು ಅವನನ್ನು ನೋಡಿ ನಗುತ್ತದೆ, ಅವನನ್ನು ನಂಬುವುದಿಲ್ಲ. ನಂಬದವರಿಗೆ ಅವನಿಂದ ಕೇಡೂ ಇಲ್ಲ. ನಿನ್ನಂಥವರ ಮಾತು ಬೇರೆ. ಕೂತುಕೋ."

ಕರಿಬಸವ ಕೂತ. ಅಜ್ಜಾರ ದನಿಯಲ್ಲಿ ಇಷ್ಟು ಸಿಟ್ಟನ್ನು ಅವನು ಎಂದೂ ಕೇಳಿರಲಿಲ್ಲ. ಅವರು ಹೇಳತೊಡಗಿದರು.

ಒಂದು ಹೊಳೆ. ಹೊಳೆಗೆ ಸೇತುವೆ ಇರಲಿಲ್ಲ. ಎರಡು ದಡದ ಜನವೂ ಒಬ್ಬ ಅಂಬಿಗನನ್ನು ನಂಬಿ ಬದುಕಿದ್ದರು. ಅವನ ಬಳಿ ಒಂದು ಹರಿಗೋಲು ಇತ್ತು. ಹರಿಗೋಲೆಂದರೆ ಇನ್ನೇನು, ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿ, ಅದರ ಹೊರಮೈಗೆ ಬಿಗಿದ ಎಮ್ಮೆಯ ಚರ್ಮ. ಜನರ ಪ್ರಾಣಕ್ಕೂ ಹೊಳೆಯ ನೀರಿಗೂ ನಡುವೆ ಇರುವುದು ಆ ಚರ್ಮವೊಂದೇ.

ಅಂಬಿಗ ಮೈಗಳ್ಳನಲ್ಲ. ಇದನ್ನು ಮೊದಲೇ ಕಿವಿಗೆ ಹಾಕಿಕೋ. ಆಚೆ ದಡದಿಂದ ಯಾರಾದರೂ ಕೂಗಿದರೆ ಉಣ್ಣುತ್ತ ಕೂತವನು ಕೈತೊಳೆದು ಎದ್ದುಬಿಡುತ್ತಿದ್ದ. ಮಳೆಯೆನ್ನುತ್ತಿರಲಿಲ್ಲ, ಬಿಸಿಲೆನ್ನುತ್ತಿರಲಿಲ್ಲ. ಮುದುಕಿಯರನ್ನು ಕೈಹಿಡಿದು ಇಳಿಸುತ್ತಿದ್ದ. ಇಂಥ ಅಂಬಿಗ ಸಿಕ್ಕಿದ್ದು ನಮ್ಮ ಪುಣ್ಯ ಎಂದು ಎರಡೂ ಊರಿನವರು ಹೊಗಳುತ್ತಿದ್ದರು. ಆ ಹೊಗಳಿಕೆ ಅವನಿಗೆ ಅನ್ನಕ್ಕಿಂತ ರುಚಿಯಾಗಿತ್ತು.

ಹರಿಗೋಲಿನ ಚರ್ಮಕ್ಕೆ ವಯಸ್ಸಾಗಿತ್ತು. ಅದು ಅಂಬಿಗನಿಗೂ ಗೊತ್ತು, ಅವನ ಹೆಂಡತಿಗೂ ಗೊತ್ತು. ಅವಳು ಅಂಬಿಗರ ಮನೆಯಲ್ಲೇ ಹುಟ್ಟಿದವಳು. ಹುಟ್ಟು ಹಿಡಿದರೆ ಗಂಡನಿಗಿಂತ ಒಂದು ಕೈ ಮೇಲು. ಹೊಸ ಚರ್ಮವನ್ನು ಅವಳೇ ತರಿಸಿ, ಒಣಗಿಸಿ, ಅಟ್ಟದ ಮೇಲೆ ಇಟ್ಟಿದ್ದಳು. ಬಿದಿರು ಸೀಳಿದವಳೂ ಅವಳೇ. ಹೊಸ ಬುಟ್ಟಿ ಹೆಣೆದು ಮುಗಿದು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಉಳಿದದ್ದು ಚರ್ಮ ಹೊದಿಸುವ ಕೆಲಸ ಒಂದೇ.

ಆ ಕೆಲಸಕ್ಕೆ ಒಂದು ಕ್ರಮವಿದೆ. ಒಣಗಿದ ಚರ್ಮವನ್ನು ಹಿಂದಿನ ಸಂಜೆ ನೀರಿಗೆ ಹಾಕಬೇಕು. ಬೆಳಗ್ಗೆ ಅದು ಮೆತ್ತಗಾದಾಗ ತೆಗೆದು, ಗಂಡ ಹೆಂಡತಿ ಇಬ್ಬರೂ ಸೇರಿ ಬುಟ್ಟಿಗೆ ಎಳೆದು ಹೊಲಿಯಬೇಕು, ಒಬ್ಬರ ಕೈಗೆ ಆಗುವ ಕೆಲಸವಲ್ಲ. ಹೊಲಿಯಲು ಕೂತವನು ಮುಗಿಯುವವರೆಗೆ ಏಳುವಂತಿಲ್ಲ. ಅರ್ಧಕ್ಕೆ ಎದ್ದರೆ ಚರ್ಮ ಬಿಸಿಲಿಗೆ ಸೆಟೆದು ಹಲಗೆಯಾಗುತ್ತದೆ, ಮತ್ತೆ ಯಾವ ಕೈಗೂ ಬಗ್ಗುವುದಿಲ್ಲ. ಹಾಗಾಗಿ ಅದು ಒಂದು ದಿನದ ಕೆಲಸ, ಒಂದೇ ದಿನದ ಕೆಲಸ. ಅಂಬಿಗರಲ್ಲಿ ಅದಕ್ಕೊಂದು ಪದ್ಧತಿಯೂ ಇತ್ತು. ಚರ್ಮ ಹೊದಿಸುವ ದಿನ ದಡದಲ್ಲಿ ಒಂದು ಗಳ ನೆಟ್ಟು, ಅದರ ತುದಿಗೆ ಚರ್ಮದ ಚೂರು ಕಟ್ಟುತ್ತಿದ್ದರು. ಆಚೆಯವರು ಅದನ್ನು ಕಂಡರೆ ಇವತ್ತು ಹರಿಗೋಲಿಲ್ಲ ಎಂದು ತಿಳಿದು, ಬೈಯದೆ, ಕೂಗದೆ ಹಿಂದಿರುಗುತ್ತಿದ್ದರು. ತಮ್ಮ ಜೀವ ಉಳಿಸುವ ಕೆಲಸ ಅದು ಎಂಬುದು ಜನಕ್ಕೆ ತಿಳಿಯದ್ದೇನಲ್ಲ.

ಗಳ ನೆಡಲು ಎಷ್ಟು ಹೊತ್ತು ಬೇಕು? ನೀನೇ ಹೇಳು. ಅಂಬಿಗನ ಕೈಯಲ್ಲಿ ಅದಾಗಲಿಲ್ಲ. ಗಳ ನೆಟ್ಟರೆ ಆ ದಿನ ಅವನನ್ನು ಯಾರೂ ಕರೆಯುವುದಿಲ್ಲ. ಯಾರೂ ಕರೆಯದ ದಿನವನ್ನು ಕಳೆಯುವುದು ಅವನಿಗೆ ಗೊತ್ತಿರಲಿಲ್ಲ. ಸುಮ್ಮನೆ ಒಂದು ಮೂಲೆಯಲ್ಲಿ ಕೂತು, ಯಾರೂ ನೋಡದ ಕಡೆ, ಯಾರೂ ಹೊಗಳದ ಕೆಲಸ ಮಾಡುವುದೆಂದರೆ ಅವನಿಗೆ ಮುಳ್ಳಿನ ಮೇಲೆ ಕೂತಂತೆ ಆಗುತ್ತಿತ್ತು.

ಹೆಂಡತಿ ಕೇಳಿದಾಗಲೆಲ್ಲ ಅವನ ಬಾಯಲ್ಲಿ ಒಂದೇ ಮಾತು.

"ಒಂದು ದಿನ ಪೂರ್ತಿ ಬಿಡುವು ಸಿಗಲಿ, ಕೂತು ಹೊದಿಸಿಬಿಡ್ತೀನಿ."

"ಹೊಳಿ ನಿನಗ ಬಿಡುವು ಕೊಡತೈತೇನು?" ಎಂದು ಅವಳು ಕೇಳಿದಳು. "ಬಿಡುವು ಯಾರೂ ತಂದು ಕೈಯಾಗ ಇಡಂಗಿಲ್ಲ. ಗಳ ನೆಡು. ನೆಟ್ಟ ದಿನ ಬಿಡುವು, ನೆಡದಿದ್ರ ಸಾಯೂತನಕ ಇಲ್ಲ."

"ಜನ ಏನಂದಾರು?"

"ಮುಳುಗಿದ ಮ್ಯಾಲ ಏನಂತಾರ, ಅದನ್ನ ಕೇಳಿಕೋ."

ಒಂದು ಸಲ ಅವನು ಮನಸ್ಸು ಮಾಡಿ ಚರ್ಮವನ್ನು ನೀರಿಗೆ ಹಾಕಿದ್ದೂ ಉಂಟು. ಬೆಳಗಾಯಿತು. ಗಳವನ್ನು ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಆಚೆ ದಡದಲ್ಲಿ ಮದುವೆಯ ದಿಬ್ಬಣ ಬಂದು ನಿಂತಿತು. "ಇದೊಂದು ಸಲ ದಾಟಿಸಿ ಬಂದುಬಿಡ್ತೀನಿ" ಎಂದು ಗಳವನ್ನು ಗೋಡೆಗೆ ಒರಗಿಸಿ ಹೊರಟ. ಅವರು ದಾಟಿದರು, ಬೀಗರು ಬಂದರು, ಪಾತ್ರೆಗಳು ಬಂದವು, ಓಲಗದವರು ಬಂದರು. ಅವನು ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಚರ್ಮ ನಾತ ಹೊಡೆಯತೊಡಗಿತ್ತು. ಹೆಂಡತಿ ಅದನ್ನು ಹೊಳೆಗೊಯ್ದು ತೊಳೆದು, ಉಪ್ಪು ತಿಕ್ಕಿ, ಮತ್ತೆ ಒಣಹಾಕಿದಳು. ಆ ಸಂಜೆ ಅವಳು ಅವನಿಗೆ ಅನ್ನ ಬಡಿಸಲಿಲ್ಲ. ಗಡಿಗೆಯನ್ನು ಅವನ ಮುಂದೆ ಕುಕ್ಕಿ ಹೋದಳು. ಅವಳ ಸಿಟ್ಟು ನ್ಯಾಯವಾದದ್ದು. ಅವನೋ, ಇಡೀ ದಿನ ದುಡಿದು ಬಂದ ಗಂಡನಿಗೆ ಹೀಗಾ ಮಾಡುವುದು ಎಂದು ನೊಂದುಕೊಂಡು ಉಂಡ.

ಅಜ್ಜಾರು ಇಲ್ಲಿ ನಿಲ್ಲಿಸಿದರು. "ನೋಡು ಇವರ ಜಾಣತನ. ಮಾಡಬೇಕಾದ ಒಂದನ್ನು ಬಿಟ್ಟು ಉಳಿದ ಹತ್ತನ್ನು ಮಾಡುತ್ತಾರೆ. ಮೈ ನಿಜವಾಗಿ ದಣಿದಿರುತ್ತದೆ. ಬೆವರು ನಿಜವಾದದ್ದು. ಆ ಬೆವರನ್ನು ತೋರಿಸಿ ಎಲ್ಲರ ಬಾಯಿ ಮುಚ್ಚಿಸುತ್ತಾರೆ" ಎಂದರು. ಕರಿಬಸವನಿಗೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಬೆಳಗಿನಿಂದ ಜೋಳದ ಚೀಲ ಹೊತ್ತು ಅವು ಕೆಂಪಾಗಿದ್ದವು.

ಅಜ್ಜಾರು ಮುಂದುವರಿಸಿದರು.

ಹರಿಗೋಲಿನ ತಳ ದಡದ ಕಲ್ಲಿಗೆ ತಾಗಿ ತಾಗಿ ಒಂದು ಕಡೆ ಸವೆಯಿತು. ಸವೆದಲ್ಲಿ ನೀರು ಜಿನುಗಿತು. ಜಿನುಗಿದ್ದು ತೂತಾಯಿತು. ಅಂಬಿಗ ಹೆಂಡತಿಯ ಹಳೆಯ ಸೀರೆಯಿಂದ ಒಂದು ಚಿಂದಿ ಹರಿದು, ರಾಳ ಹಚ್ಚಿ, ಬೆಳಗಿನ ಜಾವ ಯಾರೂ ಏಳುವ ಮೊದಲು ತೂತಿಗೆ ತುರುಕಿದ. ಚಿಂದಿ ನಿಂತಿತು. ಆದರೆ ನಡುಹೊಳೆಯಲ್ಲಿ ಕೆಳಗಿನ ನೀರು ಅದನ್ನು ಮೇಲಕ್ಕೆ ನೂಕುತ್ತಿತ್ತು. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡ. ಎಡಗಾಲಿನ ಹಿಮ್ಮಡಿಯನ್ನು ಚಿಂದಿಯ ಮೇಲೆ ಊರಿ, ಬಲಮಂಡಿಯನ್ನು ತುಸು ಬಗ್ಗಿಸಿ, ಹಾಗೇ ನಿಂತು ಹುಟ್ಟು ಹಾಕತೊಡಗಿದ. ಹೋಗುವಾಗಲೂ ಹಾಗೇ, ಬರುವಾಗಲೂ ಹಾಗೇ. ಹಿಮ್ಮಡಿ ಒಂದಿಷ್ಟೂ ಕದಲಿಸುತ್ತಿರಲಿಲ್ಲ.

ಜನ ಅದನ್ನು ನೋಡಿದರು. ಏನು ಅಂದುಕೊಂಡರು ಗೊತ್ತೇ? ನಮ್ಮ ಅಂಬಿಗನ ನಿಲುವು ನೋಡಿರಿ, ಹಿಮ್ಮಡಿ ಊರಿದನೆಂದರೆ ಹರಿಗೋಲು ಅಲುಗುವುದಿಲ್ಲ ಎಂದರು. ಹೊಳೆಯ ಮೇಲ್ಗಡೆಯ ಅಂಬಿಗರೂ ಕೆಳಗಡೆಯ ಅಂಬಿಗರೂ ಬಂದು ನೋಡಿ ಹೋದರು. ತೂತಿಲ್ಲದ ಹರಿಗೋಲಿನಲ್ಲಿ ಅವರೂ ಹಿಮ್ಮಡಿ ಊರಿ ನಿಲ್ಲಲು ಕಲಿತರು. ತನ್ನ ತಪ್ಪನ್ನು ಮುಚ್ಚಲು ಒಬ್ಬ ನಿಂತ ಭಂಗಿ ಒಂದು ಹೊಳೆಗೇ ವಿದ್ಯೆಯಾಯಿತು. ಅಂಬಿಗ ತಲೆ ತಗ್ಗಿಸಿ ನಕ್ಕ, ಬೇಡವೆನ್ನಲಿಲ್ಲ.

ಹೆಂಡತಿಗೆ ಅನುಮಾನ ಬಂತು. "ತಳದಾಗ ನೀರು ಬರತೈತೇನು?" ಎಂದು ನೇರವಾಗಿ ಕೇಳಿದಳು.

"ಎಲ್ಲೈತಿ ನೀರು? ಗಟ್ಟಿ ಐತಿ. ಇನ್ನೊಂದು ಮಳೆಗಾಲ ತಡೀತೈತಿ."

ಅವಳು ನಂಬಿದಳು. ಕೆಲಸ ಮುಂದೆ ಹಾಕುವವನು ಸುಳ್ಳು ಹೇಳದೆ ಹೆಚ್ಚು ದಿನ ಬದುಕಲಾರ. ಮೊದಮೊದಲು ತನಗೆ ತಾನೇ ಹೇಳಿಕೊಳ್ಳುತ್ತಾನೆ, ಅದು ಸವಕಲಾದ ಮೇಲೆ ಮನೆಯವರಿಗೆ ಹೇಳುತ್ತಾನೆ.

ಮುಂಗಾರು ಬಂತು. ಹೊಳೆಗೆ ಹೊಸ ನೀರು ಬಂತು. ಆ ದಿನಗಳಲ್ಲೇ ಅಂಬಿಗನಿಗೆ ಚಳಿಜ್ವರ ಹಿಡಿಯಿತು. ಕಂಬಳಿ ಹೊದ್ದು ಮಲಗಿದ್ದ. ನಡುಹಗಲು. ಆಚೆ ದಡದಿಂದ ಇಬ್ಬರು ಹೆಂಗಸರು ಕೂಗಿದರು. ಕಳೆ ಕೀಳಲು ಹೋದವರು. ಮನೆಯಲ್ಲಿ ಎಳೆಯ ಮಕ್ಕಳನ್ನು ಬಿಟ್ಟು ಹೋದವರು. ನೀರು ಏರುವುದರೊಳಗೆ ಈಚೆಗೆ ಬರಬೇಕು.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಟ್ಟು ತೆಗೆದುಕೊಂಡಳು. "ನೀ ಮಲಗು. ನಾ ಕರಕೊಂಡು ಬರ್ತೀನಿ" ಎಂದಳು.

ಅಂಬಿಗ ಎಚ್ಚರವಾಗಿದ್ದ. ಜ್ವರ ಅವನ ಬುದ್ಧಿಯನ್ನು ಮುಚ್ಚಿರಲಿಲ್ಲ. ತೂತು ಎಲ್ಲಿದೆ, ಚಿಂದಿ ಎಲ್ಲಿದೆ, ಹಿಮ್ಮಡಿ ಎಲ್ಲಿ ಊರಬೇಕು, ಎಲ್ಲ ನೆನಪಿತ್ತು. ಒಂದು ಮಾತು ಸಾಕಿತ್ತು. ತಳದಲ್ಲಿ ತೂತಿದೆ, ಹೋಗಬೇಡ. ಇಷ್ಟೇ. ಇದಕ್ಕೆ ಚರ್ಮ ನೆನೆಸಬೇಕಾಗಿರಲಿಲ್ಲ, ಗಳ ನೆಡಬೇಕಾಗಿರಲಿಲ್ಲ, ಇಡೀ ದಿನದ ಬಿಡುವು ಬೇಕಾಗಿರಲಿಲ್ಲ.

ಆ ಮಾತು ಅವನ ಗಂಟಲಿನ ತನಕ ಬಂತು. ಆದರೆ ಅದನ್ನು ಹೇಳಿದರೆ ಅವಳು ಬಾಗಿಲಲ್ಲೇ ನಿಂತು ತನ್ನನ್ನು ನೋಡುವ ನೋಟ ಅವನ ಕಣ್ಣ ಮುಂದೆ ಬಂತು. ಗಟ್ಟಿ ಐತಿ ಅಂದಿದ್ದೆಯಲ್ಲ ಎಂದು ಕೇಳುತ್ತಾಳೆ. ಊರೆಲ್ಲ ಕೇಳುವ ಹಾಗೆ ಕೇಳುತ್ತಾಳೆ. ತಾನು ತುರುಕಿದ ಚಿಂದಿ ಒಂದು ಸಲದ ಮಟ್ಟಿಗೆ ನಿಂತೀತು ಎಂದುಕೊಂಡ. ಅವಳು ಹೋಗಿ ಬರಲಿ, ಸಂಜೆ ಸಮಾಧಾನದಲ್ಲಿ ಹೇಳಿದರಾಯಿತು ಎಂದುಕೊಂಡ. ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡ.

ಅಜ್ಜಾರು ಮತ್ತೆ ಕತೆ ನಿಲ್ಲಿಸಿದರು. "ತಿಳಿಯಿತೇನು ನಿನಗೆ? ಒಂದು ದಿನದ ಕೆಲಸವನ್ನು ಮುಂದೆ ಹಾಕಿ ಹಾಕಿ ಅಭ್ಯಾಸವಾದವನು ಒಂದು ಮಾತನ್ನೂ ಮುಂದೆ ಹಾಕಿದ. ಅವನಿಗೆ ಬಿಡುವಿನ ಕೊರತೆ ಎಂದೂ ಇರಲಿಲ್ಲ. ಅವನಿಗಿದ್ದದ್ದು ಹೆದರಿಕೆ. ತನಗೆ ಹಿತವಲ್ಲದ ಒಂದು ಗಳಿಗೆಯನ್ನು ಎದುರಿಸುವ ಹೆದರಿಕೆ. ಆ ಒಂದು ಗಳಿಗೆಯನ್ನು ತಪ್ಪಿಸಿಕೊಳ್ಳಲು ಅವನು ವರ್ಷಗಟ್ಟಲೆ ಗಾಣದೆತ್ತಿನ ಹಾಗೆ ದುಡಿದ. ಅದಕ್ಕೆ ನೀವು ಆಲಸ್ಯ ಎಂದು ಹೆಸರಿಟ್ಟು, ಪೂಜೆ ಪ್ರವಚನ ಮಾಡಿ ಬಿಡಿಸಿಕೊಳ್ಳಲು ಬರುತ್ತೀರಿ."

ಕರಿಬಸವ ನೆಲ ನೋಡುತ್ತಿದ್ದ. ತಂಗಿಯ ಮನೆಯ ಬಾಗಿಲು ಅವನ ಕಣ್ಣಿಗೆ ಕಟ್ಟಿತು. ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ಯಾಕೋ ಬಂದೆ ಎಂದು ಕೇಳುತ್ತಿದ್ದ. ಆ ಕೇಳುವಿಕೆಯನ್ನು ತಪ್ಪಿಸಿಕೊಳ್ಳಲು ತಾನು ಎಷ್ಟು ಚೀಲ ಜೋಳ ಹೊತ್ತೆ ಎಂದು ಅವನಿಗೆ ಹೊಳೆಯಿತು. ತನ್ನ ಮೇಲೆಯೇ ಅವನಿಗೆ ಅಸಹ್ಯವಾಯಿತು.

"ಮುಂದೆ ಕೇಳು" ಎಂದರು ಅಜ್ಜಾರು.

ಅವಳು ಆಚೆ ದಡಕ್ಕೆ ಹೋಗುವಾಗ ಹರಿಗೋಲು ಹಗುರವಾಗಿತ್ತು, ಚಿಂದಿ ತಡೆಯಿತು. ಬರುವಾಗ ಮೂವರ ಭಾರ. ಅವಳು ತವರುಮನೆಯಲ್ಲಿ ಕಲಿತ ಹಾಗೆ ಎರಡೂ ಕಾಲು ಅಗಲಿಸಿ, ಅಂಚಿನ ಬಳಿ ನಿಂತು ಹುಟ್ಟು ಹಾಕುತ್ತಿದ್ದಳು. ಸರಿಯಾದ ನಿಲುವು ಅದೇ. ನಡುಹೊಳೆಗೆ ಬಂದಾಗ ಚಿಂದಿ ಎದ್ದು ಹೊರಬಂತು. ಅದರ ಹಿಂದೆ ನೀರು ಬಂತು. ಒದ್ದೆಯಾದ ಹಳೆಯ ಚರ್ಮ ತೂತಿನಿಂದಾಚೆಗೆ ಸೀಳುತ್ತ ಹೋಯಿತು.

ಅವಳು ಬಗ್ಗಿ ಆ ಚಿಂದಿಯನ್ನು ಎತ್ತಿದಳು. ತನ್ನ ಸೀರೆಯ ಅಂಚು ತನಗೆ ಗೊತ್ತಾಗದೇ ಇರುತ್ತದೆಯೇ? ಒಂದು ಗಳಿಗೆ ಅದನ್ನು ನೋಡಿದಳು. ಆಮೇಲೆ ಬದುಕಿ ಬಂದ ಆ ಇಬ್ಬರು ಹೆಂಗಸರು ಹೇಳಿದ್ದು ಇದು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲವಂತೆ, ಉರಿಯುವ ಸಿಟ್ಟಿತ್ತಂತೆ. "ಬಾಯಿ ಬಿಟ್ಟು ಒಂದು ಮಾತು ಹೇಳಿದ್ರ ಆಗ್ತಿತ್ತು ಅವಗ" ಎಂದಳಂತೆ. ಅಷ್ಟೇ. ಆಮೇಲೆ ಅವಳು ಮಾತಿಗೆ ಹೊತ್ತು ಕಳೆಯಲಿಲ್ಲ. ಹರಿಗೋಲು ಮಗುಚಿತು. ಅವಳು ಇಬ್ಬರ ಕೈಯನ್ನೂ ಬುಟ್ಟಿಯ ಬಿದಿರಿಗೆ ಹಿಡಿಸಿ, ತಾನು ಹಿಂದಿನಿಂದ ಈಜುತ್ತ, ಅದನ್ನು ಬಂಡೆಯ ಕಡೆಗೆ ನೂಕಿದಳು. ಹೊಸ ನೀರಿನ ಸೆಳೆತದಲ್ಲಿ ಅದು ಗಂಡಸರಿಂದಲೂ ಆಗುವ ಕೆಲಸವಲ್ಲ. ಬುಟ್ಟಿ ಬಂಡೆಗೆ ತಾಗಿತು. ಹೆಂಗಸರು ಬಂಡೆ ಹತ್ತಿ, ಹಿಂದಿರುಗಿ ಕೈ ಚಾಚಿದರು. ಹಿಡಿಯಲು ಅಲ್ಲಿ ಅವಳ ಕೈ ಇರಲಿಲ್ಲ.

ಊರವರು ಓಡಿಬಂದು ಬಾಗಿಲು ತಟ್ಟಿದಾಗ ಅಂಬಿಗ ಕಂಬಳಿ ಸರಿಸಿದ. ಅವರು ಹೇಳುವುದಕ್ಕೆ ಮೊದಲೇ ಅವನಿಗೆ ಗೊತ್ತಾಯಿತು. ಏನಾಯಿತು ಎಂದೂ ಕೇಳಲಿಲ್ಲ. ಎಡಗಾಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಅತ್ತ. ಏಕೆ ಕುಟ್ಟುತ್ತಾನೆಂದು ಊರಿಗೆ ತಿಳಿಯಲಿಲ್ಲ. ಪಾಪ, ಜ್ವರ ತಲೆಗೇರಿದೆ ಎಂದರು. ಅವಳ ದೇಹ ಹೊಳೆಯ ಕೆಳಗಡೆ ದಡದಲ್ಲಿ ಸಿಕ್ಕಿತು.

ಜನ ಅವನನ್ನು ಬೈಯಲಿಲ್ಲ. ಜ್ವರದಲ್ಲಿ ಮಲಗಿದವನದ್ದೇನು ತಪ್ಪು ಎಂದು ಸಮಾಧಾನ ಹೇಳಿದರು. ಅದನ್ನೂ ಅವನು ಕೇಳಿಕೊಂಡು ಕೂತ. ಬಾಯಿ ಬಿಡಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು. ಅವರ ಮುಖ ಇನ್ನೂ ಕೆಂಪಗಿತ್ತು. ಹೊರಗೆ ಯಾರೋ ಜೋಳದ ಗಾಡಿ ತಂದು ನಿಲ್ಲಿಸಿ ಕರಿಬಸವನ ಹೆಸರು ಹಿಡಿದು ಕರೆದರು. ಅವನು ಏಳಲಿಲ್ಲ. ಕರೆದವರು ಮತ್ತೊಮ್ಮೆ ಕರೆದು ಸುಮ್ಮನಾದರು.

ಅವನಿಗೆ ಏನಾದರೂ ಕೇಳಬೇಕಿತ್ತು. ಆ ಅಂಬಿಗನಿಗೆ ಎಲ್ಲಾದರೂ ಒಂದು ಕಡೆ ಕ್ಷಮೆ ಸಿಗಲಿ ಎಂದು ಅವನ ಜೀವ ಬಡಿದುಕೊಳ್ಳುತ್ತಿತ್ತು.

"ಅಜ್ಜಾರೇ," ಎಂದ, "ಆ ಚರ್ಮ ಹೊದಿಸಲು ಅವನಿಗೆ ಒಂದು ದಿನದ ಬಿಡುವು ಕೊನೆಗೂ ಸಿಗಲೇ ಇಲ್ಲವೇ?"

"ಸಿಕ್ಕಿತು," ಎಂದರು ಅಜ್ಜಾರು, "ಅವಳನ್ನು ಮಣ್ಣು ಮಾಡಿದ ಮಾರನೆಯ ದಿನ ಅವನನ್ನು ಯಾರೂ ಕೂಗಲಿಲ್ಲ."